ಬುಕಿಂಗ್ ಬಟನ್ ಮೇಲೆ ದೃಷ್ಟಿಬೊಂಬೆ

ಸ್ನೇಹಿತರೇ, ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ಕೇಳಿ.

ಬೀಚನಹಳ್ಳಿ ಹತ್ತಿರ ಹೋಂಸ್ಟೇ ನಡೆಸುವ ಮಾದೇಗೌಡರು ಫೋನ್ ಮಾಡಿದರು. ನಾನು ಮಾಡಿಕೊಟ್ಟಿದ್ದ ವೆಬ್‌ಸೈಟ್ ತೆಗೆದುಹಾಕಿ, ಮೊಬೈಲ್‌ನಲ್ಲೇ ಚಿತ್ರಗಳನ್ನು ಎಳೆದು ಜೋಡಿಸುವ ಆ್ಯಪ್ ಹಿಡಿದು ತಾವೇ ಹೊಸದು ಮಾಡಿಕೊಂಡವರು. "ಸೈಟ್ ಚೆಂದಾಗೇ ಅದೆ, ಆದ್ರೆ ಒಂದು ಬುಕಿಂಗೂ ಬತ್ತಿಲ್ಲ ಕಣ್ರೀ. ಒಸಿ ಬಂದು ನೋಡಿ" ಎಂದರು. ಸಿಟ್ಟಿದ್ದರೂ ಹುಣಸೂರಿನಿಂದ ಬೈಕ್ ಹತ್ತಿದೆ. ಈಗೀಗ ನನಗೆ ಬರುವ ಕರೆಗಳೇ ಕಡಿಮೆ.

ಅವರ ಮೊಬೈಲ್‌ನಲ್ಲಿ ಸೈಟ್ ತೆರೆದು ನೋಡಿದರೆ, ನಾಲಿಗೆ ಚಾಚಿದ ದೃಷ್ಟಿಬೊಂಬೆಯ ಚಿತ್ರ ಬುಕಿಂಗ್ ಬಟನ್ ಮೇಲೆಯೇ ಕೂತಿದೆ. ಎಷ್ಟು ಒತ್ತಿದರೂ ಬೆರಳು ಬೊಂಬೆಗೆ ತಾಗುತ್ತದೆ, ಬಟನ್‌ಗಲ್ಲ.

"ಇದನ್ಯಾಕೆ ಹಾಕಿದ್ರಿ ಗೌಡ್ರೇ?"

"ಒಸ ಮನೆಗೆ ಬೊಂಬೆ ಕಟ್ಟಲ್ವಾ? ಅಂಗೇ ಇದೂವೆ. ಊರೋರ ಕಣ್ಣೆಲ್ಲಾ ಇದರ ಮೇಲೇ ಅದೆ."

ಅವರ ಆ್ಯಪ್ ತೆರೆದು ಬೊಂಬೆಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆದೆ. "ಅಷ್ಟೇನಾ?" ಎಂದರು. ಅಷ್ಟೇ.

ಕಾಫಿ ಕುಡಿದು ಮುಗಿಸುವುದರೊಳಗೆ ಒಂದು ಬುಕಿಂಗ್ ಬಂತು. "ನೋಡುದ್ರಾ, ಬೊಂಬೆ ಕೆಲ್ಸ ಮಾಡ್ತು!" ಎಂದು ಹಿಗ್ಗಿದ ಗೌಡರು, "ಅಂಪಾಪುರದ ನಮ್ಮ ಬೀಗ್ರೂ ಸೈಟ್ ಬೇಕು ಅಂತಾವ್ರೆ" ಎಂದರು. ನನ್ನ ಕಿವಿ ನೆಟ್ಟಗಾಯಿತು. ಅವರೇ ಮುಂದುವರಿಸಿದರು: "ನಾನೇ ಮಾಡ್ಕೊಡ್ತೀನಿ ಅಂದಿದೀನಿ. ಏನಾರ ಕೆಟ್ಟೋದ್ರೆ ನಿಮ್ಮನ್ನ ಕರೀತೀನಿ ಬುಡಿ."

ಮನೆಗೆ ಬಂದವನೇ ನನ್ನ ಸೈಟಿಗೂ ಒಂದು ಬೊಂಬೆ ಹಾಕಿದೆ. ಅದು 'ಸಂಪರ್ಕಿಸಿ' ಬಟನ್ ಮೇಲೇ ಕೂತಿದೆ. ಇರಲಿ ಬಿಡಿ, ಅದನ್ನು ಒತ್ತುವವರಾದರೂ ಯಾರಿದ್ದಾರೆ?