ಚಪ್ಪಡಿ ಕುರಿತು ಒಂಬತ್ತು ಪತ್ರಗಳು

ಆ ವರ್ಷ ಮಲ್ಲೇಶ್ವರಂನಲ್ಲಿ ಕಲಾವಿದರಾಗದೆ ಉಳಿದಿದ್ದವರು ನಮ್ಮ ಮನೆಯವರು ಮಾತ್ರ ಅಂತ ಕಾಣುತ್ತದೆ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಕ್ರಾಸಿಗೊಂದು ಶಿಬಿರ. ಗಾಜಿಗೆ ಬಣ್ಣ ಬಳಿಯುವುದು ಕಲೆ, ಮೈಗೆ ಜೇಡಿಮಣ್ಣು ಮೆತ್ತಿಕೊಳ್ಳುವುದು ಕಲೆ, ಕಣ್ಣು ಮುಚ್ಚಿ ಗುಂಪಾಗಿ ಗುಂಯ್‌ಗುಡುವುದೂ ಕಲೆ. ನನ್ನ ಜೊತೆ ಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದ ಟೀಚರೊಬ್ಬರಿಗೆ ಪೇಂಟಿಂಗಿನಿಂದ ಮಂಡಿನೋವೇ ಹೋಯಿತಂತೆ. ಬಣ್ಣವನ್ನು ಮಂಡಿಗೇ ಹಚ್ಚಿದರೋ ಏನೋ, ನಾನು ಕೇಳಲಿಲ್ಲ.

ನಗುವ ಸ್ಥಿತಿಯಲ್ಲಿ ನಾನೂ ಇರಲಿಲ್ಲ ಅನ್ನಿ. ಅಮ್ಮ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ನಮ್ಮ ಗೇಟಿನಿಂದ ಹತ್ತು ಹೆಜ್ಜೆ ಆಚೆ, ಚರಂಡಿಯ ಮೇಲೆ ಮುಚ್ಚಿದ್ದ ಕಲ್ಲು ಚಪ್ಪಡಿಗಳಲ್ಲಿ ಒಂದು ಇರಲಿಲ್ಲ. ತರಕಾರಿ ತರಲು ಹೊರಟ ಅಮ್ಮ ಅಲ್ಲಿ ಕಾಲಿಟ್ಟು ಬಿದ್ದಳು. ಸೊಂಟದ ಮೂಳೆ ಮುರಿಯಿತು; ಮಲಗಿದವಳು ಮತ್ತೆ ಏಳಲಿಲ್ಲ. ಅವಳು ಹೋದ ದಿನವೇ ಅಪ್ಪ ಮಾತು ಬಿಟ್ಟರು. ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಪತ್ರಗಳ ಕರಡು ಬರೆದು ನಿವೃತ್ತರಾದವರು ಅವರು. ಸಾರಿಗೆ ಉಪ್ಪು ಹೆಚ್ಚಾದರೆ ಅದನ್ನು ಅ, ಆ, ಇ ಅಂತ ಮೂರು ಅಂಶಗಳಲ್ಲಿ ವಿವರಿಸುತ್ತಿದ್ದರು. ಈಗ ಉಪ್ಪೇ ಹಾಕದಿದ್ದರೂ ಹೂಂ, ಉಹೂಂ ಅಂತ ಉಂಡು ಏಳುತ್ತಿದ್ದರು. ಅಮ್ಮನ ಹಿಂದೆಯೇ ಇವರೂ ಹೊರಟುಬಿಡುತ್ತಾರೆ ಅಂತ ನನಗೂ ತಮ್ಮನಿಗೂ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಅದಕ್ಕೇ ಮಂಡಿನೋವಿನ ಟೀಚರ್ ಹೇಳಿದ ಶಿಬಿರಕ್ಕೆ ಅಪ್ಪನನ್ನು ನಾನೇ ಕರೆದುಕೊಂಡು ಹೋದೆ.

ಸಂಪಿಗೆ ರಸ್ತೆಯ ಬಟ್ಟೆ ಅಂಗಡಿಯೊಂದರ ಮಹಡಿ ಮೇಲೆ ಶಿಬಿರ. ನಡೆಸುತ್ತಿದ್ದಾಕೆಗೆ ಕೈಮಗ್ಗದ ಸೀರೆ, ರೂಪಾಯಿ ಅಗಲದ ಕುಂಕುಮ.

"ಕಲೆ ಅಂದ್ರೆ ಬರೀ ಚಿತ್ರ ಅಲ್ಲ. ನೀವು ಉಸಿರಾಡೋದೂ ಕಲೇನೇ" ಎಂದರು.

ಅಷ್ಟಕ್ಕೆ ಮೆಟ್ಟಿಲು ಹತ್ತಿ ಬರಬೇಕಿತ್ತೇ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಎಲ್ಲರಿಗೂ ಹಾಳೆ, ಬಣ್ಣ ಹಂಚಿ, ನಿಮ್ಮ ನೋವು ಹೇಗಿದೆಯೋ ಹಾಗೇ ಬಿಡಿಸಿ ಎಂದರು. ಅಕ್ಕಪಕ್ಕದವರೆಲ್ಲ ಧಾರಾಳವಾಗಿ ನೀಲಿ ಸುರಿದರು. ಮಲ್ಲೇಶ್ವರಂನ ಸಮಸ್ತ ನೋವೂ ನೀಲಿ ಎಂದು ನನಗೆ ತಿಳಿದದ್ದು ಅಂದೇ. ಅಪ್ಪ ಬಣ್ಣ ಮುಟ್ಟಲಿಲ್ಲ. ಜೇಬಿನಿಂದ ಪೆನ್ಸಿಲ್ ತೆಗೆದು, ಯಾರದೋ ಸ್ಕೇಲ್ ಎಳೆದುಕೊಂಡು, ಅರ್ಧ ಗಂಟೆ ತಲೆ ಎತ್ತಲಿಲ್ಲ. ಉದ್ದಕ್ಕೆ ಎರಡು ಗೆರೆ, ಮಧ್ಯೆ ಸಾಲಾಗಿ ಚೌಕಗಳು, ಅದರಲ್ಲೊಂದು ಚೌಕ ಪೂರ್ತಿ ಕಪ್ಪು.

ಆಕೆ ಬಂದು ಹಿಂದೆ ನಿಂತು ಅರೆಗಣ್ಣು ಮುಚ್ಚಿದರು. "ಎಂಥಾ ಶೂನ್ಯ ಸಾರ್. ಎಷ್ಟೊಂದು ಆಳ."

"ಶೂನ್ಯ ಅಲ್ಲಮ್ಮ, ಚರಂಡಿ" ಎಂದರು ಅಪ್ಪ. "ಆಳ ಎರಡೂವರೆ ಅಡಿ."

ನಾಲ್ಕು ತಿಂಗಳಲ್ಲಿ ಅವರ ಬಾಯಿಂದ ಬಂದ ಮೊದಲ ಮಾತು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಮೆಟ್ಟಿಲಿಳಿಯುವಾಗಲೇ ಅಪ್ಪ, ಬಿಳಿ ಹಾಳೆ ಎಲ್ಲಿ ಸಿಗುತ್ತೆ ಎಂದು ಕೇಳಿದರು.

ಮರುದಿನದಿಂದ ಪತ್ರಗಳು ಶುರುವಾದವು. ವಿಷಯ: ಚಪ್ಪಡಿ ಕಾಣೆಯಾಗಿರುವ ಕುರಿತು. ಯಾವ ಕಚೇರಿಗೆ ಅಂತ ಹೆಸರು ಬೇಡ ಬಿಡಿ, ಅವರಿಗೆ ಓದುವ ದುರಭ್ಯಾಸ ಇರಲಿಲ್ಲ. ಮೊದಲು ಕರಡು, ಆಮೇಲೆ ತಿದ್ದಿದ ಕರಡು, ಆಮೇಲೆ ಶುದ್ಧ ಪ್ರತಿ, ಅದಕ್ಕೊಂದು ಕಾರ್ಬನ್ ಪ್ರತಿ. 'ಗಮನಕ್ಕೆ ತರಬಯಸುತ್ತೇನೆ' ಎನ್ನಬೇಕೋ 'ಗಮನ ಸೆಳೆಯಬಯಸುತ್ತೇನೆ' ಎನ್ನಬೇಕೋ ಎಂಬುದಕ್ಕೇ ಒಂದು ಇಡೀ ಬೆಳಗ್ಗೆ.

"'ಶೀಘ್ರವಾಗಿ' ಅನ್ಲಾ, 'ಅತಿ ಶೀಘ್ರವಾಗಿ' ಅನ್ಲಾ?" ಎಂದು ಒಮ್ಮೆ ಅಡುಗೆಮನೆ ಬಾಗಿಲಿಗೆ ಬಂದರು.

"ಅತಿ ಶೀಘ್ರ ಅಂದ್ರೆ ಈ ಜನ್ಮದಲ್ಲೇ ಮಾಡ್ತಾರಾ ಅಪ್ಪ?"

"ಮಾಡೋದು ಬಿಡೋದು ಅವರ ಹಣೆಬರಹ. ನಾವು ಬರೆಯೋದು ನೆಟ್ಟಗಿರ್ಬೇಕು."

ಹದಿನೈದು ದಿನಕ್ಕೊಂದು ನೆನಪೋಲೆ. ಒಂದಕ್ಕೂ ಉತ್ತರವಿಲ್ಲ, ಆದರೂ ಒಂದಕ್ಕಿಂತ ಒಂದು ಚೆನ್ನ. ನಾನು ಕನ್ನಡ ಪಾಠ ಮಾಡುವವಳು, ಆಣೆ ಮಾಡಿ ಹೇಳುತ್ತೇನೆ, ಐದನೆಯ ಪತ್ರದ ಎರಡನೇ ಪ್ಯಾರಾದಂಥ ಗದ್ಯ ನಮ್ಮ ಪಠ್ಯಪುಸ್ತಕದಲ್ಲಿರಲಿಲ್ಲ. ಯಾವುದರಲ್ಲೂ ಅಮ್ಮನ ಸುದ್ದಿ ಮಾತ್ರ ಇಲ್ಲ. 'ಓರ್ವ ವಯೋವೃದ್ಧ ಮಹಿಳೆ ಬಿದ್ದಿರುತ್ತಾರೆ', ಅಷ್ಟೇ. ಇರಲಿ, ಅಪ್ಪನಿಗೆ ಹಸಿವಾಗುತ್ತಿತ್ತು. ಸಾರಿನ ಉಪ್ಪಿನ ಬಗ್ಗೆ ಅ, ಆ, ಇ ಮತ್ತೆ ಕೇಳತೊಡಗಿದಾಗ ನಾನು ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಎಲ್ಲ ಸರಿಹೋಗುತ್ತಿರುವಾಗ ಸುಮ್ಮನಿರಲು ನಮಗೇನು ಬಂದಿತ್ತು ರೋಗ? ಎಂಟನೆಯ ಪತ್ರಕ್ಕೂ ಉತ್ತರ ಬಾರದಿದ್ದಾಗ ತಮ್ಮನಿಗೆ ಪಿತೃಭಕ್ತಿ ಉಕ್ಕಿತು. ಅವನ ಸ್ನೇಹಿತನೊಬ್ಬ ಮನೆ ಕಟ್ಟಿಸುವ ಕಂಟ್ರಾಕ್ಟರ್. ನಾನು ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದ ಮಧ್ಯಾಹ್ನ, ಆ ಸ್ನೇಹಿತನ ಆಳುಗಳು ಬಂದು ಹೊಸ ಚಪ್ಪಡಿ ಕೂರಿಸಿ ಹೋದರು. ಕಚೇರಿಯವರೇ ಹಾಕಿದರೆಂದು ಅಪ್ಪ ಹಿಗ್ಗುತ್ತಾರೆ ಎಂಬುದು ನಮ್ಮ ಜಂಟಿ ಬುದ್ಧಿವಂತಿಕೆ.

ಅಪ್ಪ ಆಟೋ ಇಳಿದು ಚಪ್ಪಡಿ ನೋಡಿದರು. ಅದರ ಮೇಲೆ ನಿಂತು ಕಾಲಿನಿಂದ ಒತ್ತಿದರು. ಒಳಗೆ ಬಂದು ಶರಟು ತೂಗುಹಾಕಿ, ಪತ್ರಗಳ ಫೈಲನ್ನು ಬೀರುವಿನಲ್ಲಿಟ್ಟು ಮಲಗಿದರು. ಮೂರು ದಿನ ಮತ್ತೆ ಅದೇ ಹೂಂ, ಉಹೂಂ.

"ನಿನ್ನ ತಲೇಲಿ ಏನಿದ್ಯೋ?" ಎಂದು ತಮ್ಮನನ್ನು ಹಿಡಿದುಕೊಂಡೆ.

"ನೀನೂ ಹೂಂ ಅಂದಿದ್ದೆ ಕಣೇ. ಈಗೇನು, ಹಾಕಿದ ಕಲ್ಲು ಕಿತ್ತು ಬಿಸಾಕ್ಲಾ?"

"ಕಿತ್ತಾಕು."

ತಮಾಷೆಗೆ ಹೇಳಿರಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ, ಅವನು ನಿಜವಾಗಿಯೂ ಆ ಸ್ನೇಹಿತನಿಗೆ ಫೋನ್ ಮಾಡಲು ರಿಸೀವರ್ ಎತ್ತಿದಾಗ, ಅಪ್ಪ ಕೋಣೆಯಿಂದ ಹೊರಬಂದರು. ಕೈಯಲ್ಲೊಂದು ಹಾಳೆ.

"ಕಲ್ಲು ಹಾಕ್ಸಿದ್ದು ನೀವಿಬ್ರೂ ಅಂತ ಗೊತ್ತು. ಅವ್ರು ಹಾಕಿದ್ರೆ ಅಷ್ಟು ಮಟ್ಟಸವಾಗಿ ಕೂರ್ತಿರ್ಲಿಲ್ಲ" ಎಂದು ಹಾಳೆಯನ್ನು ನನಗೆ ಕೊಟ್ಟರು. ಈ ಸಲ ಕರಡಿಲ್ಲ, ಕಾರ್ಬನ್ ಇಲ್ಲ.

"ಮಾನ್ಯರೇ, ಚಪ್ಪಡಿ ಹಾಕಲಾಗಿದೆ. ಆದ್ದರಿಂದ ನನ್ನ ಹಿಂದಿನ ಎಂಟು ಪತ್ರಗಳನ್ನು ಹಿಂಪಡೆಯುತ್ತಿದ್ದೇನೆ. ಅವುಗಳಲ್ಲಿ ಒದಗಿಸಿದ ಮಾಹಿತಿ ಅಪೂರ್ಣವಾಗಿರುತ್ತದೆ. ಬಿದ್ದ ಮಹಿಳೆ ನನ್ನ ಹೆಂಡತಿ. ಅಂದು ಆಕೆಗೆ ಹೊರಗೆ ಹೋಗುವ ಅಗತ್ಯವಿರಲಿಲ್ಲ, ಮನೆಯಲ್ಲಿ ಹುರುಳಿಕಾಯಿ ಇತ್ತು. ನಾನು ಬದನೆಕಾಯಿ ಎಣ್ಣೆಗಾಯಿ ಬೇಕೆಂದು ಹಟ ಮಾಡಿ ಕಳಿಸಿದೆನು. ಚಪ್ಪಡಿ ಇಲ್ಲದಿರುವುದನ್ನು ಹಿಂದಿನ ದಿನವೇ ನೋಡಿದ್ದೆನು. ಆಕೆಗೆ ಹೇಳಲು ಮರೆತೆನು."

'ಇವರಿಗೆ' ಎಂಬುದರ ಕೆಳಗೆ ಜಾಗ ಖಾಲಿಯಿತ್ತು.

"ಅದು ಯಾರಿಗೆ ಅಂತ ಬರೀಬೇಕೋ ಗೊತ್ತಾಗ್ಲಿಲ್ಲ" ಎಂದರು ಅಪ್ಪ. "ನೀನೇ ಹೇಳು."

"ನಮಗೆ ಕೊಟ್ರಲ್ಲ ಅಪ್ಪ, ಸಾಕು" ಎಂದೆ. ಅವರು ಅಲ್ಲೇ ಊಟದ ಮೇಜಿನ ಕುರ್ಚಿಯಲ್ಲಿ ಕುಸಿದು, ಅಮ್ಮ ಹೋದ ದಿನ ಅಳದೇ ಇದ್ದದ್ದನ್ನೆಲ್ಲ ಅತ್ತರು. ತಮ್ಮ ಫೋನ್ ಕೆಳಗಿಟ್ಟು ಬಂದು ಅವರ ಭುಜ ಹಿಡಿದು ನಿಂತ.