ಗೋಪಿಕಾಬಾಯಿಯವರಿಗೆ ಬೀಳದ ಮಾಸೂರಿನ ಓಟು

ಹಿರೇಕೆರೂರು ಕೋರ್ಟಿನಲ್ಲಿ ನಾನು ಗೋಪಿಕಾಬಾಯಿ ವಕೀಲರ ಕಾರಕೂನ. ಕಾಗದಪತ್ರಕ್ಕಿಂತ ಕಿಟಕಿಯಲ್ಲಿ ಇಣುಕುವವರನ್ನು ಓಡಿಸುವುದೇ ನನ್ನ ಕಸುಬಾಗಿತ್ತು. ಎಪ್ಪತ್ತೈದರಲ್ಲಿ ಹುಬ್ಬಳ್ಳಿಯ ಸೌಂದರ್ಯ ಸ್ಪರ್ಧೆಯಲ್ಲಿ ಅವರು ಕಿರೀಟ ಗೆದ್ದದ್ದು, ಪೇಪರಿನಲ್ಲಿ ಫೋಟೊ ಬಂದದ್ದು ತಾಲೂಕಿಗೆಲ್ಲ ಗೊತ್ತು. ಅವರದು ಶಾಸ್ತ್ರ ಹೇಳುವ ಮನೆತನ. ತಂದೆ ವಾದಿರಾಜರು ಮಾತು ಬಿಟ್ಟರು, ಬರುವ ವರಗಳೂ ನಿಂತವು. "ಹಂಗಾರ ವಕೀಲರ ಕರೀ ಕೋಟರೆ ಹಾಕ್ಕೋತೇನಿ" ಎಂದು ಬಾಯಿಯವರು ಧಾರವಾಡಕ್ಕೆ ಹೋಗಿ ಕಾನೂನು ಓದಿ ಬಂದರು.

ಬಂದು ಏನು ಮಾಡುವುದು, ಸುಡುಗಾಡು! ನೋಡಲು ಊರೆಲ್ಲ ಬರುತ್ತಿತ್ತು, ಕೇಸು ಮಾತ್ರ ಪಕ್ಕದ ವಕೀಲರಿಗೆ ಹೋಗುತ್ತಿತ್ತು. ಬೇರೆ ಯಾವ ವಕೀಲರೂ ಮುಟ್ಟದಂಥ, ಹೆಂಗಸರ ದಾವೆಗಳಷ್ಟೇ ನಮಗೆ. ಮಾಸೂರಿನ ಗುತ್ತೆವ್ವನದು ಅಂಥದ್ದು: ಗಂಡ ಸತ್ತ ಮೇಲೆ ಮೈದುನರು ಅವಳ ಪಾಲಿನ ಗದ್ದೆ ಬಿಡಲೊಲ್ಲರು. ತಾರೀಕಿನಿಂದ ತಾರೀಕಿಗೆ ಆ ದಾವೆ ಎಳೆದು ಎಳೆದು ಬಾಯಿಯವರು ಸಣ್ಣಾಗಿ ಹೋದರು.

"ಒಮ್ಮೆರೆ ಈ ಮಂದಿ ನನ್ನ ಮಾರಿ ನೋಡೂದು ಬಿಟ್ಟು ಮಾತ ಕೇಳ್ಲಿ, ಸಾಕಾಗೇದ" ಅನ್ನುತ್ತಿದ್ದರು. ಆ ಒಂದು ಆಸೆಗೇ ಎಂಬತ್ತೇಳರಲ್ಲಿ ಜಿಲ್ಲಾ ಪರಿಷತ್ತಿನ ಚುನಾವಣೆಗೆ ನಿಂತರು. ಪಕ್ಷದ ಮುಖಂಡ ಚನ್ನವೀರಪ್ಪ ಹಳೆಯ ಕಿರೀಟದ ಫೋಟೊವನ್ನೇ ಗೋಡೆಗೋಡೆಗೆ ಅಂಟಿಸಿ, "ಭಾಷಣ ಗೀಷಣ ಬ್ಯಾಡ್ರಿ ಬಾಯಾರ. ಜೀಪಿನ್ಯಾಗ ನಿಂತು ನಕ್ಕರ ಆತು" ಅಂದ. ಥೂ ಅವನ! ಬಾಯಿಯವರು ಜೀಪು ಇಳಿದು, ಮಾಸೂರಿನ ಕಟ್ಟೆಯ ಮೇಲೆ ಕೂತು, ವಿಧವೆಯ ಪಾಲು, ಜೀವನಾಂಶ ಎಲ್ಲವನ್ನೂ ಸಂಜೆತನಕ ಬಿಡಿಸಿ ಹೇಳಿದರು. ಹೆಂಗಸರು ರೊಟ್ಟಿ ಬಡಿಯುವುದನ್ನೂ ಮರೆತು ಕೇಳಿದರು. ಮಾಸೂರು ನಮ್ಮದೇ ಎಂದು ನಾನೂ ನಂಬಿದೆ.

ಎಣಿಕೆಯಲ್ಲಿ ಬಾಯಿಯವರು ಉಳಿದ ಊರುಗಳಲ್ಲಿ ಎದುರಾಳಿಗೆ ಸಮಸಮ ಬಂದರು. ಮಾಸೂರಿನ ಪೆಟ್ಟಿಗೆ ಒಡೆದಾಗ ಸೋತರು.

ಮರುದಿನ ಕೇಸಿನ ತಾರೀಕಿಗೆ ಗುತ್ತೆವ್ವ ಮಾಸೂರಿನ ನಾಲ್ಕಾರು ಹೆಂಗಸರ ಜೊತೆ ಕೋರ್ಟಿಗೆ ಬಂದಳು. "ಉಂಡ ಮನೀ ಗಳಾ ಹಿರದ್ರಲ್ಲಬೇ! ಓಟ ಯಾರಿಗೆ ಹಾಕಿದ್ರಿ?" ಎಂದು ರೇಗಿದೆ. ಅವಳು ನನ್ನನ್ನು ದಾಟಿ ಬಾಯಿಯವರ ಎದುರು ನಿಂತಳು.

"ಸಿಟ್ಟಾಗಬ್ಯಾಡ್ರಿ ಬಾಯಾರ. ನಾವ ಹೆಂಗಸರೆಲ್ಲ ಮಾತಾಡ್ಕೊಂಡ ನಿಮಗ ಹಾಕಲಿಲ್ರಿ. ಆರಿಸಿ ಬಂದ್ರ ನೀವು ಪರಿಷತ್ತಿಗಂತ ಧಾರವಾಡ ಸೇರ್ತೀರಿ. ಆಮ್ಯಾಲ ನಮ್ಮ ಕೇಸ ಯಾರ ನಡಸ್ತಾರ್ರಿ? ಓಟಿಗೆ ಯಾವನರೆ ಸಿಗ್ತಾನ. ನಿಮ್ಮಂಥಾ ವಕೀಲರು ಎಲ್ಲಿ ಸಿಗಬೇಕ್ರಿ?"

ಬಾಯಿಯವರಿಗೆ ನಗು ಬಂತೋ ಅಳು ಬಂತೋ, ಸೆರಗಿನಿಂದ ಮುಖ ಒರೆಸಿಕೊಂಡರು.

"ಪರಿಷತ್ತು, ಕೇಸು ಎರಡೂ ನಡಸ್ತಿದ್ದೆನಲ್ಲ ಗುತ್ತೆವ್ವ," ಅಂದರು. "ನನ್ನ ಒಂದ ಮಾತು ಕೇಳಬಾರದಿತ್ತೇನು?"

ಅಷ್ಟರಲ್ಲಿ ಜವಾನ ಗುತ್ತೆವ್ವನ ಹೆಸರು ಕೂಗಿದ. ಬಾಯಿಯವರು ಎದ್ದು ಒಳಗೆ ನಡೆದರು.