ಕಾಗದವಿಟ್ಟು ಹೊಲಿದ ಕೌದಿ

ಮಿರ್ಲೆಯ ನನ್ನ ಗಂಡನ ಮನೆಯಲ್ಲಿ ಕೌದಿ ಎಂದರೆ ನಾನೇ. ಹಳೆ ಸೀರೆಗಳನ್ನು ಬರೀ ಕಣ್ಣಳತೆಯಲ್ಲಿ ಕತ್ತರಿಸಿ, ಚೂರಿಗೆ ಚೂರು ಕೂಡಿಸಿ, ಎಂಟು ಮೂಲೆಯ ನಕ್ಷತ್ರ ಹೊಲಿಯುತ್ತಿದ್ದೆ. ಕೃಷ್ಣರಾಜನಗರದ ಹೆಂಗಸರೂ ನೋಡಲು ಬರುತ್ತಿದ್ದರು. ಐವತ್ತರ ದಶಕದಲ್ಲಿ ಮೈದುನನಿಗೆ ಹುಣಸೂರಿನ ಹುಡುಗಿಯನ್ನು ತಂದರು. ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು.

ಅವಳಿಗೆ ಶಾಲೆಯ ಟೀಚರಮ್ಮ ಒಬ್ಬರು ಬೇರೆಯೇ ಹೊಲಿಗೆ ಕಲಿಸಿದ್ದರು. ಹಳೆಯ ಅಂಚೆ ಕಾರ್ಡುಗಳನ್ನು ಒಂದೇ ಅಳತೆಗೆ ಆರು ಮೂಲೆಯಾಗಿ ಕತ್ತರಿಸುವುದು, ಅದರ ಮೇಲೆ ಬಟ್ಟೆ ಮಡಚಿ ದೊಡ್ಡ ಹೊಲಿಗೆ ಹಾಕುವುದು, ಆಮೇಲೆ ಅಂಚುಗಳನ್ನು ಸಣ್ಣಗೆ ಸುತ್ತಿ ಹೊಲಿದು ಜೋಡಿಸುವುದು. ಸುತ್ತಲೂ ಚೂರು ಕೂಡಿದ ಮೇಲೆ ಕಾಗದ ತೆಗೆಯುತ್ತಿದ್ದಳು. ಒಂದು ಮೂಲೆಯೂ ಆಚೀಚೆ ಆಗುತ್ತಿರಲಿಲ್ಲ.

"ಜೇನುಗೂಡು ಇದ್ದಂಗದೆ ಕಣಮ್ಮಿ!" ಎಂದರು ಅತ್ತೆ. ನನ್ನ ನಕ್ಷತ್ರಕ್ಕೆ ಅವರು ಎಂದೂ ಹಾಗೆ ಬೆರಗಾಗಿರಲಿಲ್ಲ.

ಒಂದು ಮಧ್ಯಾಹ್ನ ಅವಳು ನಾಲೆಗೆ ಬಟ್ಟೆ ಒಗೆಯಲು ಹೋದಾಗ, ಇನ್ನೂ ಜೋಡಿಸದಿದ್ದ ಚೂರುಗಳ ದೊಡ್ಡ ಹೊಲಿಗೆ ಬಿಚ್ಚಿ ಕಾಗದವೆಲ್ಲ ಎಳೆದು ಒಲೆಗೆ ಹಾಕಿದೆ.

"ಅಕ್ಕಯ್ಯ, ಕಾಗ್ದ ಯಾರು ಕಿತ್ರು?"

"ಮಕ್ಳು ಕಿತ್ತಿರ್ಬೇಕು, ಬುಡು."

ಆ ಮನೆಯಲ್ಲಿ ಇನ್ನೂ ಮಕ್ಕಳೇ ಹುಟ್ಟಿರಲಿಲ್ಲ. ಅವಳು ನನ್ನನ್ನು ಒಮ್ಮೆ ನೋಡಿ, ಮತ್ತೆ ಕಾರ್ಡು ಕತ್ತರಿಸಲು ಕುಳಿತಳು.

ಆ ಕೌದಿ ಮುಗಿದ ಮೇಲೆ ಅವಳೇ ಬಂದು, "ನಂಗೂ ನಕ್ಷತ್ರ ಕಲ್ಸಿ ಅಕ್ಕಯ್ಯ. ಕಾಗ್ದ ಇಲ್ದೆ ನೀವು ಹೊಲಿಯಾದು ನೋಡಿದ್ರೆ ಹೊಟ್ಟೆ ಉರೀತದೆ," ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಕಲಿಸಿದೆ. ಆದರೆ ಒಂದು ಮಾತು ಬಚ್ಚಿಟ್ಟೆ: ಹೊಲಿಗೆಯನ್ನು ಬಟ್ಟೆಯ ತುದಿಯವರೆಗೂ ಒಯ್ಯಬಾರದು, ಅಂಚು ಮಡಚುವಷ್ಟು ಜಾಗ ಉಳಿಸಿ ಗಂಟು ಹಾಕಬೇಕು.

ಅವಳ ನಕ್ಷತ್ರದ ನಡುಭಾಗ ಕುರುವಿನಂತೆ ಉಬ್ಬಿ ನಿಂತಿತು. "ಇದೇನಮ್ಮಿ, ಬಸುರಿ ನಕ್ಷತ್ರ!" ಎಂದು ಅತ್ತೆ ನಕ್ಕರು. ನಾನೂ ಜೋರಾಗಿ ನಕ್ಕೆ.

ಅವಳು ಮೂರು ದಿನ ಜಗಲಿಯಲ್ಲಿ ಕುಳಿತು ಬಿಚ್ಚಿದಳು, ಹೊಲಿದಳು, ಮತ್ತೆ ಬಿಚ್ಚಿದಳು. ನಾಲ್ಕನೆಯ ದಿನ ನನ್ನ ಮಡಿಲಲ್ಲಿ ಒಂದು ನಕ್ಷತ್ರ ಇಟ್ಟಳು. ಅಂಗೈಯಂತೆ ಸಮವಾಗಿತ್ತು.

"ತುದಿಗಂಟ ಹೊಲೀಬಾರ್ದು, ಅಲ್ವಾ ಅಕ್ಕಯ್ಯ?"

"ಹೂಂ."

"ಯೋಳ್ಬೋದಾಗಿತ್ತು."

ಅಷ್ಟೇ ಹೇಳಿ ಒಳಗೆ ಹೋದಳು. ಆಮೇಲೆ ಅವಳು ಎರಡೂ ಬಗೆಯಲ್ಲಿ ಹೊಲಿದಳು. ಕಾಗದದ ಹೊಲಿಗೆ ಕಲಿಯಲು ನನಗೂ ಬಹಳ ಆಸೆಯಿತ್ತು. ಕೇಳಿದ್ದರೆ ಕಲಿಸುತ್ತಿದ್ದಳು. ನಾನು ಕೇಳಲೇ ಇಲ್ಲ.